2 ನಿಮಿಷ 30 ಸೆಕೆಂಡಿನಲ್ಲಿ ಹಿಡಿಯದ ಅನಂತಸ್ವಾಮಿ

ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕು ಅನ್ನೋ ಪ್ರಶ್ನೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದು ನಿಮಗೆ ನೆನಪಿರಬಹುದು. 2022ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ, ಗಾಯಕಿ ಎಚ್.ಆರ್. ಲೀಲಾವತಿ ನೇತೃತ್ವದ ಸಮಿತಿಯ ಶಿಫಾರಸಿನಂತೆ ಒಂದು ಆದೇಶ ಹೊರಡಿಸಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯೇ ಅಧಿಕೃತ, ಹಾಡೋದಕ್ಕೆ 2 ನಿಮಿಷ 30 ಸೆಕೆಂಡು. ಸಿ. ಅಶ್ವಥ್ ಅವರ ಧಾಟಿಯನ್ನು ಕೈಬಿಟ್ಟದ್ದು ಸರಿಯಲ್ಲ ಅಂತ ಗಾಯಕರೊಬ್ಬರು ಕೋರ್ಟಿಗೆ ಹೋದರು. 2024ರ ಏಪ್ರಿಲ್‌ನಲ್ಲಿ ಅರ್ಜಿ ವಜಾ ಆಯ್ತು. ಅಷ್ಟೂ ದಿನ ಅನಂತಸ್ವಾಮಿ ಹೆಸರು ಸುದ್ದಿಯಲ್ಲಿತ್ತು. ಆದರೆ ಆ ಮನುಷ್ಯ ಯಾರು, ಏನು ಮಾಡಿದರು ಅನ್ನೋದು ನನ್ನ ವಯಸ್ಸಿನ ಎಷ್ಟು ಜನಕ್ಕೆ ಗೊತ್ತು?

ಅನಂತಸ್ವಾಮಿ ಹುಟ್ಟಿದ್ದು 1936ರ ಅಕ್ಟೋಬರ್ 25ರಂದು, ಮೈಸೂರಿನಲ್ಲಿ. ಅವರು ಬೆಳೆದ ಕಾಲಕ್ಕೆ ಕನ್ನಡದ ಹೊಸ ಕವಿತೆ ಪುಸ್ತಕದಲ್ಲಿ, ಕಾಲೇಜಿನ ತರಗತಿಯಲ್ಲಿ ಇತ್ತು. ಅದನ್ನು ವೇದಿಕೆಗೆ ತಂದು ಜನಪ್ರಿಯ ಮಾಡಿದವರಲ್ಲಿ ದೊಡ್ಡ ಹೆಸರು ಪಿ. ಕಾಳಿಂಗರಾವ್ ಅವರದು. ಆ ದಾರಿಯಲ್ಲಿ ಮುಂದೆ ನಡೆದವರು ಅನಂತಸ್ವಾಮಿ. ಕುವೆಂಪು, ರಾಜರತ್ನಂ, ಜಿ.ಎಸ್. ಶಿವರುದ್ರಪ್ಪ ಹೀಗೆ ಕವಿಗಳ ಸಾಲೇ ಅವರ ಹಾರ್ಮೋನಿಯಂ ಮುಂದೆ ಬಂತು. ಅವರು ಕಟ್ಟಿದ ಧಾಟಿಗಳಲ್ಲಿ ಸಂಗೀತ ಮುಂದೆ ಬಂದು ನಿಂತು ಮಾತನ್ನು ಮುಚ್ಚಿಬಿಡೋದಿಲ್ಲ. ಶಬ್ದ ಸ್ಪಷ್ಟವಾಗಿ ಕೇಳಬೇಕು, ಸಂಗೀತ ಕಲಿಯದವರಿಗೂ ಹಾಡೋಕೆ ಬರಬೇಕು. ಸುಲಭ ಅನ್ನಿಸುತ್ತೆ. ಆದರೆ ಛಂದಸ್ಸು ಮುರಿದ ನವ್ಯ ಕವಿತೆಯನ್ನೂ ಹಾಗೆ ಕೂರಿಸೋದು ಸಣ್ಣ ಕೆಲಸವಲ್ಲ.

ಇಂಥ ಕೆಲಸದಲ್ಲಿ ಅವರಿಗೆ ಸಿಕ್ಕ ಜೊತೆಗಾರ, ಅದೇ 1936ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್. ಭೂವಿಜ್ಞಾನದ ಮೇಷ್ಟ್ರು, ಕೊನೆಯವರೆಗೂ ನಮ್ಮ ಬನಶಂಕರಿ ಪಕ್ಕದ ಪದ್ಮನಾಭನಗರದಲ್ಲಿದ್ದವರು. 1978ರಲ್ಲಿ ನಿಸಾರ್ ಕವಿತೆಗಳಿಗೆ ಅನಂತಸ್ವಾಮಿ ಸಂಗೀತ ಕೊಟ್ಟ ‘ನಿತ್ಯೋತ್ಸವ’ ಧ್ವನಿಸುರುಳಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದನ್ನು ಗುರುತಿಸ್ತಾರೆ. ಸಿನಿಮಾದ ಹಂಗಿಲ್ಲದೆ, ಹೀರೊ ಹೀರೋಯಿನ್ ಇಲ್ಲದೆ, ಒಂದು ಕವಿತೆ ಮನೆಮನೆಯ ಹಾಡಾಯ್ತು. ಇವತ್ತಿಗೂ ನವೆಂಬರ್ ಬಂದರೆ ಜಯನಗರದಿಂದ ಬಿಟಿಎಂವರೆಗೆ ಯಾವ ಆಟೊ ಸ್ಟ್ಯಾಂಡಿನ ಸ್ಪೀಕರಿನಲ್ಲಾದರೂ ಆ ಹಾಡು ಕೇಳುತ್ತೆ. ಬರೆದವರ ಧರ್ಮ ಯಾವುದು ಅಂತ ಅಲ್ಲಿ ಯಾರೂ ಕೇಳಲ್ಲ.

ಇದೇ ಜೋಡಿಯ ಇನ್ನೊಂದು ಹಾಡಿದೆ: ‘ಕುರಿಗಳು ಸಾರ್ ಕುರಿಗಳು’. ತಲೆ ಬಗ್ಗಿಸಿ ಹಿಂಡಿನ ಹಿಂದೆ ಹೋಗುವ ನಮ್ಮೆಲ್ಲರ ಮೇಲಿನ ವ್ಯಂಗ್ಯ ಅದು. ನಾಡನ್ನು ಹೊಗಳುವ ಹಾಡಿಗೆ ಧಾಟಿ ಹಾಕಿದ ಮನುಷ್ಯನೇ ನಾಡಿನ ಜನರನ್ನು ಚುಚ್ಚುವ ಹಾಡಿಗೂ ಧಾಟಿ ಹಾಕಿದ. ನನಗೆ ಅನಂತಸ್ವಾಮಿ ಮುಖ್ಯ ಅನ್ನಿಸೋದು ಇಲ್ಲೇ.

ಕವಿತೆಗೆ ಧಾಟಿ ಸಿಕ್ಕರೆ ಏನಾಗುತ್ತೆ ಅನ್ನೋದಕ್ಕೆ ಗ್ರೀಸ್ ದೇಶ ನೋಡಿ. 1967ರಲ್ಲಿ ಅಲ್ಲಿ ಸೇನಾಧಿಕಾರಿಗಳು ಅಧಿಕಾರ ಹಿಡಿದು, ಮಿಕಿಸ್ ಥಿಯೊಡೊರಾಕಿಸ್ ಸಂಗೀತವನ್ನೇ ನಿಷೇಧಿಸಿದರು. 1971ರಲ್ಲಿ ನೊಬೆಲ್ ಪುರಸ್ಕೃತ ಕವಿ ಸೆಫೆರಿಸ್ ತೀರಿಕೊಂಡಾಗ, ಅಥೆನ್ಸ್‌ನಲ್ಲಿ ಶವಯಾತ್ರೆಗೆ ಬಂದ ಜನಸಾಗರ ಅವರದೇ ಒಂದು ಕವಿತೆಯನ್ನು ಥಿಯೊಡೊರಾಕಿಸ್ ಧಾಟಿಯಲ್ಲಿ ಹಾಡಿತು. ಅದರಲ್ಲಿ ರಾಜಕೀಯದ ಮಾತೇ ಇರಲಿಲ್ಲ. ಆದರೂ ಸಾವಿರಾರು ಜನ ಒಟ್ಟಿಗೆ ಹಾಡಿದ್ದೇ ಪ್ರತಿಭಟನೆಯಾಯ್ತು. ಪುಸ್ತಕದಲ್ಲಷ್ಟೇ ಉಳಿದಿದ್ದರೆ ಆ ಕವಿತೆ ಬೀದಿಗೆ ಬರ್ತಿತ್ತಾ?

ಅನಂತಸ್ವಾಮಿ 1995ರ ಜನವರಿ 9ರಂದು ತೀರಿಕೊಂಡರು. ಆಗ ಅವರಿಗೆ 58. ಅಪ್ಪನ ಹಾಡುಗಳನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಿದ್ದ ಮಗ ರಾಜು ಅನಂತಸ್ವಾಮಿ 2009ರಲ್ಲಿ, ಇನ್ನೂ 40 ತುಂಬುವ ಮೊದಲೇ ಹೋದರು. ಕುವೆಂಪು ಅವರ ಕವಿತೆ ನಾಡಗೀತೆಯಾಗಿದ್ದು 2004ರಲ್ಲಿ. ಅಂದರೆ ತಮ್ಮ ಧಾಟಿ ಸರ್ಕಾರಿ ಆದೇಶವಾಗುತ್ತೆ ಅಂತ ಅನಂತಸ್ವಾಮಿಗೆ ಗೊತ್ತಾಗುವ ಅವಕಾಶವೇ ಇರಲಿಲ್ಲ.

ಎಂಜಿನಿಯರಿಂಗ್ ಓದಿದವನಾಗಿ ನನಗೆ ಸ್ಟ್ಯಾಂಡರ್ಡ್ ಯಾಕೆ ಬೇಕು ಅಂತ ಅರ್ಥವಾಗುತ್ತೆ. ಪ್ಲಗ್ಗು ಸಾಕೆಟ್ಟು ಹೊಂದಬೇಕು, ಶಾಲೆಯಲ್ಲಿ 500 ಮಕ್ಕಳು ಒಟ್ಟಿಗೆ ಹಾಡಬೇಕು. ಹಾಗಾಗಿ ಸರ್ಕಾರದ ಆದೇಶಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಅದರಿಂದ ಅನಂತಸ್ವಾಮಿ ಒಂದು ಕಡೆ, ಅಶ್ವಥ್ ಇನ್ನೊಂದು ಕಡೆ ಅಂತ ನಾವು ಪಾರ್ಟಿ ಕಟ್ಟಿದ್ದಕ್ಕೆ. ಒಂದೇ ಕವಿತೆಗೆ ಎರಡು ಮೂರು ಧಾಟಿ ಇರೋದು ಸುಗಮ ಸಂಗೀತದಲ್ಲಿ ಮಾಮೂಲು. ಅಧಿಕೃತ ಸಮಾರಂಭಕ್ಕೆ ಒಂದು ಧಾಟಿ ಸಾಕು. ಮಿಕ್ಕ ಕಡೆ ಜನ ತಮಗೆ ಬಂದ ಹಾಗೆ ಹಾಡಲಿ.

ಇನ್ನೊಂದು ಮಾತು. ಅನಂತಸ್ವಾಮಿಯ ಒಂದು ಧಾಟಿಯನ್ನು ಸರ್ಕಾರ ತನ್ನದು ಮಾಡಿಕೊಂಡಿದೆ. ಕುರಿಗಳ ಹಾಡನ್ನು ಯಾವ ಸರ್ಕಾರವೂ ಅಧಿಕೃತ ಮಾಡಲ್ಲ, ಮಾಡಲೂಬಾರದು. ಅದನ್ನು ಉಳಿಸಿಕೊಳ್ಳೋದು ನಮ್ಮ ಕೆಲಸ. ಈ ನವೆಂಬರಿನಲ್ಲಿ ನಿಮ್ಮ ಬಡಾವಣೆಯ ಸಂಘದವರು ಹಾಡಿನ ಪಟ್ಟಿ ಮಾಡುವಾಗ ಅದನ್ನೂ ಸೇರಿಸೋಕೆ ಹೇಳಿ. ಹಾಡಿನ ಕೆಳಗೆ ಕವಿಯ ಹೆಸರಿನ ಜೊತೆ ಧಾಟಿ ಹಾಕಿದವರ ಹೆಸರೂ ಇರಲಿ.