ಪೇಟೆಯನ್ನು ಓದಿದ ಟಾಟಾ

ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಸಂಸ್ಥೆಯ ಮೂಲಕ ಜಮ್‌ಷೇಟ್‌ಜಿ ಟಾಟಾ ಅವರ ಹೆಸರು ನನ್ನ ವಿದ್ಯಾರ್ಥಿಗಳಿಗೆ ಪರಿಚಿತ. ಆದರೆ ನನ್ನನ್ನು ಹೆಚ್ಚಾಗಿ ಸೆಳೆದಿರುವುದು ಅವರ ದಾನವಲ್ಲ. ಹಣ ಹೂಡುವ ಮುನ್ನ ಪೇಟೆಯ ಒಳಹೊರಗನ್ನು ಅರಿಯಲು ಅವರು ಪಟ್ಟ ಶ್ರಮ.

೧೮೩೯ರಲ್ಲಿ ನವಸಾರಿಯ ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದ ಅವರು, ಕಾಲೇಜು ಮುಗಿಸಿ ತಂದೆಯ ವ್ಯಾಪಾರಕ್ಕೆ ಸೇರಿದರು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಲ್ಯಾಂಕಾಷೈರಿಗೆ ಅಲ್ಲಿಯ ಹತ್ತಿ ಬರುವುದು ನಿಂತು, ಮುಂಬಯಿಯ ಹತ್ತಿ ಚಿನ್ನವಾಯಿತು. ೧೮೬೫ರಲ್ಲಿ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಆಗ ಇಂಗ್ಲೆಂಡಿನಲ್ಲಿದ್ದ ತರುಣ ಜಮ್‌ಷೇಟ್‌ಜಿಯ ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದವು. ದೂರದ ಯುದ್ಧವೊಂದು ಮನೆಯ ತಿಜೋರಿಯನ್ನು ಬರಿದುಮಾಡಬಲ್ಲುದೆಂಬ ಪಾಠ ಅಷ್ಟು ಎಳೆವಯಸ್ಸಿಗೇ ದೊರೆಯಿತು.

ಮುಂದೆ ಅವರು ಲ್ಯಾಂಕಾಷೈರಿಗೆ ಹೋಗಿ ಗಿರಣಿಗಳನ್ನು ಕಣ್ಣಾರೆ ಕಂಡುಬಂದರು. ಅಂದಿನ ಗಿರಣಿಗಳಲ್ಲಿ ಬಹುಪಾಲು ಮುಂಬಯಿಯಲ್ಲೇ ಕಿಕ್ಕಿರಿದಿದ್ದವು. ಇವರೋ ಹತ್ತಿಯ ಹೊಲ, ರೈಲು, ನೀರು, ಇಂಧನ ಎಲ್ಲವೂ ಸನಿಹವಿರುವ ಎಡೆಯನ್ನು ಅರಸಿ ನಾಗಪುರವನ್ನು ಆರಿಸಿದರು. ಜವುಗುನೆಲಕ್ಕೆ ಮಣ್ಣು ತುಂಬಿಸುತ್ತಿದ್ದ ಈ ಸಾಹಸಿಗೆ ಸಾಲ ಕೊಡಲು ಊರಿನ ಸಾಹುಕಾರರೊಬ್ಬರು ಒಪ್ಪಲಿಲ್ಲವಂತೆ. ೧೮೭೭ರ ಜನವರಿ ೧ರಂದು ಎಂಪ್ರೆಸ್ ಗಿರಣಿ ಆರಂಭವಾಗಿ ಯಶಸ್ವಿಯಾಯಿತು. ರಿಂಗ್ ಕದಿರಿನ ಬಗ್ಗೆ ಲ್ಯಾಂಕಾಷೈರಿನವರೇ ಅನುಮಾನಿಸುತ್ತಿದ್ದ ಕಾಲದಲ್ಲಿ, ಒಂದೆರಡು ಯಂತ್ರಗಳನ್ನು ತರಿಸಿ ಪರೀಕ್ಷಿಸಿ, ಮೆಚ್ಚಿ, ಅಳವಡಿಸಿಕೊಂಡರು.

ಎಲ್ಲವೂ ಗೆಲುವೇ ಆಗಲಿಲ್ಲ. ಚೀನಾ ಜಪಾನುಗಳಿಗೆ ಹೋಗುವ ನೂಲಿನ ಲಾಭವನ್ನು ಹಡಗಿನ ಬಾಡಿಗೆ ನುಂಗುತ್ತಿರುವುದನ್ನು ಕಂಡು ೧೮೯೩ರಲ್ಲಿ ಜಪಾನಿಗೆ ತೆರಳಿ, ಅಲ್ಲಿಯ ನಿಪ್ಪಾನ್ ಯೂಸೆನ್ ಕಂಪನಿಯೊಡನೆ ಕೂಡಿ ಟಾಟಾ ಹಡಗುಗಳನ್ನು ಓಡಿಸಿದರು. ಪಿ ಅಂಡ್ ಓ ಕಂಪನಿ ಟನ್ನಿಗೆ ಹತ್ತೊಂಬತ್ತು ರೂಪಾಯಿಯಷ್ಟಿದ್ದ ಬಾಡಿಗೆಯನ್ನು ಎರಡು ರೂಪಾಯಿಗೂ ಕೆಳಕ್ಕಿಳಿಸಿತು. ಟಾಟಾ ಹಡಗಿಗೆ ಸರಕು ಹಾಕೆವೆಂದವರಿಗೆ ಮಾತ್ರ ಆ ದರ! ಬೆಂಬಲದ ಭರವಸೆಯಿತ್ತಿದ್ದ ನಮ್ಮ ವರ್ತಕರೇ ಅತ್ತ ಸರಿದರು. ದರಗಳನ್ನು ಚೆನ್ನಾಗಿ ಬಲ್ಲ ಜಮ್‌ಷೇಟ್‌ಜಿ, ಎದುರಾಳಿಯ ಥೈಲಿಯ ಆಳವನ್ನೂ ತಮ್ಮವರ ನಿಷ್ಠೆಯ ಆಳವನ್ನೂ ಸರಿಯಾಗಿ ಅಳೆಯಲಿಲ್ಲವೆಂದೇ ನನಗೆ ತೋರುತ್ತದೆ. ಹಡಗುಗಳು ನಿಂತುಹೋದವು.

ಜಪಾನಿನಲ್ಲಿ ಕಂಡ ರೇಷ್ಮೆಯ ಕುಶಲತೆ ಮಾತ್ರ ವ್ಯರ್ಥವಾಗಲಿಲ್ಲ. ಸೊರಗಿದ್ದ ಮೈಸೂರು ರೇಷ್ಮೆಗಾಗಿ, ಸಂಸ್ಥಾನದ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಒಂದು ತೋಟವನ್ನು ತೆರೆದು ಜಪಾನೀ ತಜ್ಞರನ್ನು ಕರೆಸಿದರು. ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರಿಗೆ ಮೂಲವಿದೇ.

ಕಬ್ಬಿಣದ ಕಥೆ ದೀರ್ಘ. ಚಾಂದಾ ಜಿಲ್ಲೆಯ ಅದುರನ್ನು ಕುರಿತು ಜರ್ಮನ್ ತಜ್ಞರೊಬ್ಬರ ವರದಿಯನ್ನು ಅವರು ಓದಿದ್ದು ೧೮೮೨ರಲ್ಲಿ. ಸನಿಹದ ವರೋರಾದ ಕಲ್ಲಿದ್ದಲು ಪರೀಕ್ಷೆಯಲ್ಲಿ ತಕ್ಕುದಲ್ಲವೆಂದು ತಿಳಿಯಿತು. ಅಂದಿಗೆ ಬಿಟ್ಟರಾದರೂ ಮರೆಯಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, ೧೯೦೨ರಲ್ಲಿ, ದೇಹ ದಣಿದಿದ್ದರೂ ಅಮೆರಿಕದ ಉಕ್ಕಿನ ಊರುಗಳನ್ನು ಸುತ್ತಿ ತಜ್ಞರನ್ನು ಗೊತ್ತುಮಾಡಿದರು. ೧೯೦೪ರ ಫೆಬ್ರವರಿಯಲ್ಲಿ ಭೂವಿಜ್ಞಾನಿ ಪ್ರಮಥನಾಥ ಬೋಸರು ಮಯೂರಭಂಜದ ಅದುರಿನ ವಿಷಯ ತಿಳಿಸಿ ಅವರಿಗೆ ಪತ್ರ ಬರೆದರು. ಅದೇ ಮೇ ತಿಂಗಳಲ್ಲಿ ಜಮ್‌ಷೇಟ್‌ಜಿ ಜರ್ಮನಿಯ ಬಾಡ್ ನಾವ್‌ಹೈಮಿನಲ್ಲಿ ತೀರಿಕೊಂಡರು. ಮಯೂರಭಂಜದ ಅದುರನ್ನೇ ನಂಬಿ ಅವರ ಮಕ್ಕಳು ಸಾಕ್ಚಿಯಲ್ಲಿ ಕಾರ್ಖಾನೆ ಕಟ್ಟಿದರು. ೧೯೧೨ರಲ್ಲಿ ಉಕ್ಕು ಹರಿಯಿತು.