ರೋಲೆಕ್ಸ್ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆ ದಾಟಿದ್ದು ನಿಜವೇ? ಹಾನ್ಸ್ ವಿಲ್ಸ್‌ಡಾರ್ಫ್ ಬದುಕು ಏನು ಹೇಳುತ್ತದೆ?

ಹಳೇ ಡೈವ್ ವಾಚ್‌ಗಳ ಬಗ್ಗೆ ಆಸಕ್ತಿ ಇರುವವರಲ್ಲಿ ಒಂದು ಕತೆ ಆಗಾಗ ಹರಿದಾಡುತ್ತದೆ. 1927ರಲ್ಲಿ ಮರ್ಸಿಡೀಸ್ ಗ್ಲೈಟ್ಸ್ ಎಂಬ ಯುವತಿ ಕೈಗೆ ರೋಲೆಕ್ಸ್ ಕಟ್ಟಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದರು, ವಾಚ್‌ಗೆ ಏನೂ ಆಗಲಿಲ್ಲ ಎಂದು. ಇದರ ಬಾಲದಲ್ಲಿ ಇನ್ನೊಂದು ಮಾತು ಸೇರಿಕೊಳ್ಳುತ್ತದೆ: ಡೈವ್ ವಾಚ್ ಎಷ್ಟೇ ಹಳೆಯದಾದರೂ ನೀರಿಗೆ ಹೆದರಬೇಕಿಲ್ಲ.

ಮೊದಲ ಮಾತು ಅರ್ಧ ನಿಜ. ಎರಡನೆಯದು ತಪ್ಪು. ಯಾಕೆ ಎಂದು ತಿಳಿಯಲು ಈ ಕತೆಯ ಹಿಂದಿದ್ದ ಹಾನ್ಸ್ ವಿಲ್ಸ್‌ಡಾರ್ಫ್ ಬದುಕನ್ನು ನೋಡೋಣ.

ಅನಾಥ ಹುಡುಗ, ಲಂಡನ್ ವ್ಯಾಪಾರಿ

ವಿಲ್ಸ್‌ಡಾರ್ಫ್ ಹುಟ್ಟಿದ್ದು 1881ರ ಮಾರ್ಚ್ 22ರಂದು, ಜರ್ಮನಿಯ ಬವೇರಿಯಾ ಪ್ರಾಂತ್ಯದ ಕುಲ್ಮ್‌ಬಾಖ್ ಊರಿನಲ್ಲಿ. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ. ಸಂಬಂಧಿಕರು ಮನೆತನದ ವ್ಯಾಪಾರವನ್ನು ಮಾರಿ ಹುಡುಗನನ್ನು ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅಲ್ಲಿ ಕಲಿತ ಇಂಗ್ಲಿಷ್ ಮುಂದೆ ಅನ್ನ ಕೊಟ್ಟಿತು. 1900ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂ ಎಂಬ ಗಡಿಯಾರಗಳ ಊರಿನಲ್ಲಿ, ವಾಚ್ ರಫ್ತು ಮಾಡುವ ಕಂಪನಿಯಲ್ಲಿ ಅವರು ಇಂಗ್ಲಿಷ್ ಪತ್ರ ಬರೆಯುವ ಗುಮಾಸ್ತರಾದರು.

ಗಮನಿಸಿ, ವಿಲ್ಸ್‌ಡಾರ್ಫ್ ವಾಚ್ ತಯಾರಿಸುವ ಕುಶಲಕರ್ಮಿ ಆಗಿರಲಿಲ್ಲ. ಅವರು ವ್ಯಾಪಾರಿ. 1905ರಲ್ಲಿ ಲಂಡನ್ನಿನಲ್ಲಿ ಆಲ್ಫ್ರೆಡ್ ಡೇವಿಸ್ ಜೊತೆ ಪಾಲುದಾರಿಕೆಯಲ್ಲಿ ಕಂಪನಿ ತೆರೆದರು. 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿದರು.

ಆಗ ಗಂಡಸರ ಜೇಬಿನಲ್ಲಿ ಗಡಿಯಾರ ಇರುತ್ತಿತ್ತು. ಕೈಗಡಿಯಾರ ಹೆಂಗಸರ ಒಡವೆ, ಸಮಯ ಸರಿಯಾಗಿ ತೋರಿಸದು ಎಂಬ ನಂಬಿಕೆ ಇತ್ತು. ವಿಲ್ಸ್‌ಡಾರ್ಫ್ ವಾದ ಮಾಡುತ್ತಾ ಕೂರಲಿಲ್ಲ, ಪರೀಕ್ಷೆಗೆ ಕಳಿಸಿದರು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಅವರ ಪುಟ್ಟ ಕೈಗಡಿಯಾರಕ್ಕೆ ‘ಎ’ ದರ್ಜೆಯ ಪ್ರಮಾಣಪತ್ರ ಕೊಟ್ಟಿತು. ಯುದ್ಧಕಾಲದ ಆಮದು ಸುಂಕ ಹೆಚ್ಚಾದ ಮೇಲೆ ಕಂಪನಿಯನ್ನು ಜಿನೀವಾಕ್ಕೆ ಸಾಗಿಸಿದರು.

ನೀರಿನ ಸಮಸ್ಯೆ

ಕೈಗಡಿಯಾರದ ದೊಡ್ಡ ಶತ್ರುಗಳು ಧೂಳು ಮತ್ತು ತೇವ. ಅವು ಹೆಚ್ಚಾಗಿ ಒಳಗೆ ನುಗ್ಗುವುದು ಪಕ್ಕದಲ್ಲಿರುವ, ಕೀ ಕೊಡುವ ಪುಟ್ಟ ಗುಂಡಿಯ ಸಂದಿನಿಂದ. ಈ ಗುಂಡಿಯನ್ನು ಬಾಟಲಿಯ ಮುಚ್ಚಳದಂತೆ ತಿರುಗಿಸಿ ಬಿಗಿಮಾಡುವ ಉಪಾಯಕ್ಕೆ ಪೆರೆಗೊ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ ಕುಶಲಕರ್ಮಿಗಳು 1925ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ್ದರು. ವಿಲ್ಸ್‌ಡಾರ್ಫ್ ಅದನ್ನು ಕೊಂಡುಕೊಂಡರು. ಹಿಂಬದಿಯ ಮುಚ್ಚಳವನ್ನೂ ತಿರುಪಿನಿಂದ ಬಿಗಿಮಾಡಿದ ವಾಚ್ 1926ರಲ್ಲಿ ಬಂತು. ಅದರ ಹೆಸರು ಆಯ್ಸ್ಟರ್, ಅಂದರೆ ಬಾಯಿ ಬಿಗಿದ ಸಿಂಪಿ.

ಜಗತ್ತಿನ ಮೊದಲ ವಾಟರ್‌ಪ್ರೂಫ್ ವಾಚ್ ಇದೇ ಎಂಬ ಮಾತೂ ಸರಿಯಲ್ಲ. ಅದಕ್ಕೂ ಮುಂಚೆ ಬೇರೆಯವರ ಪ್ರಯತ್ನಗಳಿದ್ದವು. ಆದರೆ ಅದನ್ನು ಜನರಿಗೆ ನಂಬಿಸಿದ್ದು ವಿಲ್ಸ್‌ಡಾರ್ಫ್.

ಹಾಗಾದರೆ ಆ ಈಜಿನಲ್ಲಿ ನಡೆದದ್ದೇನು?

ಮರ್ಸಿಡೀಸ್ ಗ್ಲೈಟ್ಸ್ ಲಂಡನ್ನಿನಲ್ಲಿ ಟೈಪಿಸ್ಟ್. 1927ರ ಅಕ್ಟೋಬರ್ 7ರಂದು ಅವರು ಕಡಲ್ಗಾಲುವೆ ದಾಟಿದರು. ಹಾಗೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ ಅವರೇ. ಆ ದಿನ ಅವರ ಬಳಿ ರೋಲೆಕ್ಸ್ ಇರಲಿಲ್ಲ.

ಕೆಲವೇ ದಿನಗಳಲ್ಲಿ ಇನ್ನೊಬ್ಬ ಮಹಿಳೆ ತಾನೂ ದಾಟಿದೆ ಎಂದು ಹೇಳಿಕೊಂಡರು, ಆಮೇಲೆ ಅದು ಸುಳ್ಳೆಂದು ಬಯಲಾಯಿತು. ಅನುಮಾನದ ನೆರಳು ಗ್ಲೈಟ್ಸ್ ಮೇಲೂ ಬಿತ್ತು. ತಮ್ಮ ಮಾತು ನಿಜವೆಂದು ತೋರಿಸಲು ಅವರು ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿದರು. ಸುದ್ದಿ ತಿಳಿದ ವಿಲ್ಸ್‌ಡಾರ್ಫ್ ಜೊತೆಗೊಯ್ಯಲು ಒಂದು ಆಯ್ಸ್ಟರ್ ಕೊಟ್ಟರು. ಅದು ಇದ್ದದ್ದು ಕೈಯಲ್ಲಲ್ಲ, ಕೊರಳಲ್ಲಿ.

ನೀರು ಕೊರೆಯುತ್ತಿತ್ತು. ಹತ್ತು ಗಂಟೆಗೂ ಹೆಚ್ಚು ಈಜಿದ ಮೇಲೆ, ದಡ ಸೇರುವ ಮೊದಲೇ ಅವರನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಆದರೆ ಆ ಚಳಿಯಲ್ಲಿ ಅಷ್ಟು ಹೊತ್ತು ತಾಳಿದ್ದನ್ನು ಕಂಡವರಿಗೆ ಅವರ ಮೊದಲ ಈಜಿನ ಬಗ್ಗೆ ಅನುಮಾನ ಉಳಿಯಲಿಲ್ಲ. ವಾಚ್ ಕೂಡ ನಡೆಯುತ್ತಲೇ ಇತ್ತು.

ನವೆಂಬರ್ 24ರಂದು ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಮುಖಪುಟದಲ್ಲಿ ರೋಲೆಕ್ಸ್‌ನ ಇಡೀ ಪುಟದ ಜಾಹೀರಾತು ಬಂತು. ಅಂಗಡಿಗಳು ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ವಾಚ್ ಮುಳುಗಿಸಿ ಇಟ್ಟವು. ಕಾಲಕ್ರಮದಲ್ಲಿ ಎರಡು ಈಜುಗಳು ಒಂದಾದವು, ಕೊರಳಿನ ವಾಚ್ ಕೈಗೆ ಬಂತು, ಮುಗಿಯದ ಈಜು ಮುಗಿದಂತಾಯಿತು. ಒಂದು ಸುಳ್ಳಿನ ಸಂದೇಹ ತೊಳೆದುಕೊಳ್ಳಲು ನೀರಿಗಿಳಿದ ಹೆಣ್ಣಿನ ಕತೆಯೇ ಹೀಗೆ ತಿರುಚಿಕೊಂಡಿತು.

ಡೈವ್ ವಾಚ್ ಬಂದದ್ದು

1931ರಲ್ಲಿ ರೋಲೆಕ್ಸ್ ಕೈಯ ಚಲನೆಯಿಂದಲೇ ಕೀ ತುಂಬಿಕೊಳ್ಳುವ ವ್ಯವಸ್ಥೆ ತಂದಿತು. ಗುಂಡಿಯನ್ನು ದಿನವೂ ಬಿಚ್ಚುವ ಕೆಲಸ ತಪ್ಪಿತು, ನೀರು ನುಗ್ಗುವ ಅವಕಾಶವೂ ಕಡಿಮೆಯಾಯಿತು. 1944ರಲ್ಲಿ ಹೆಂಡತಿ ತೀರಿಕೊಂಡ ನಂತರ, ಮಕ್ಕಳಿಲ್ಲದ ವಿಲ್ಸ್‌ಡಾರ್ಫ್ ಒಂದು ಪ್ರತಿಷ್ಠಾನ ಕಟ್ಟಿದರು. ಇಂದಿಗೂ ರೋಲೆಕ್ಸ್ ಒಡೆತನ ಅದರದ್ದೇ.

1953ರಲ್ಲಿ ರೋಲೆಕ್ಸ್‌ನ ಸಬ್‌ಮರೀನರ್, ಬ್ಲಾಂಕ್‌ಪೇನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಎರಡೂ ಹುಟ್ಟಿದವು. ಸಂಗ್ರಾಹಕರು ಇಂದು ಹುಡುಕುವುದು ಆ ಕಾಲದ ಇಂಥ ವಾಚ್‌ಗಳನ್ನೇ. 1960ರ ಜನವರಿಯಲ್ಲಿ ಟ್ರಿಯೆಸ್ಟ್ ಎಂಬ ನೌಕೆಯ ಹೊರಮೈಗೆ ಕಟ್ಟಿದ ವಿಶೇಷ ರೋಲೆಕ್ಸ್ ಸುಮಾರು 10,900 ಮೀಟರ್ ಆಳದ ಸಮುದ್ರತಳ ಮುಟ್ಟಿ ಬಂತು. ಅದೇ ವರ್ಷ ಜುಲೈ 6ರಂದು ವಿಲ್ಸ್‌ಡಾರ್ಫ್ ಜಿನೀವಾದಲ್ಲಿ ತೀರಿಕೊಂಡರು.

ನಿಮ್ಮ ಮನೆಯ ಹಳೇ ವಾಚ್‌ಗೆ ಇದರಿಂದ ಏನು ಪಾಠ?

ನೀರು ತಡೆಯುವ ಗುಣ ವಾಚ್‌ಗೆ ಶಾಶ್ವತವಾಗಿ ಬಂದದ್ದಲ್ಲ. ಅದನ್ನು ಕಾಯುವುದು ಒಳಗಿನ ರಬ್ಬರ್ ರಿಂಗ್‌ಗಳು. ವರ್ಷ ಕಳೆದಂತೆ ಅವು ಒಣಗಿ ಬಿರುಕು ಬಿಡುತ್ತವೆ. ಡಯಲ್ ಮೇಲೆ 100 ಅಥವಾ 200 ಮೀಟರ್ ಎಂದಿದ್ದರೆ ಅದು ಹೊಸದಾಗಿದ್ದಾಗಿನ ಮಾತು. ಹೊಸ ವಾಚ್‌ನಲ್ಲೂ 30 ಮೀಟರ್ ಎಂಬುದು ಪ್ರಯೋಗಾಲಯದ ಒತ್ತಡದ ಲೆಕ್ಕ. ಅಷ್ಟು ಆಳಕ್ಕೆ ಮುಳುಗಬಹುದು ಎಂದಲ್ಲ. ಒತ್ತಡ ಪರೀಕ್ಷೆ ಮಾಡಿಸದ ಹಳೇ ವಾಚನ್ನು ಸ್ನಾನಕ್ಕೂ ಕಟ್ಟಬೇಡಿ.

ಇನ್ನೊಂದು ಮುಖ್ಯ ವಿಷಯ. 1960ರ ದಶಕಕ್ಕೂ ಮುಂಚಿನ ಅನೇಕ ವಾಚ್‌ಗಳಲ್ಲಿ ಕತ್ತಲಲ್ಲಿ ಹೊಳೆಯುವ ಬಣ್ಣಕ್ಕೆ ರೇಡಿಯಂ ಬೆರೆಸುತ್ತಿದ್ದರು. ಹೊಳಪು ಹೋದರೆ ವಿಕಿರಣವೂ ಹೋಯಿತು ಎಂಬುದು ತಪ್ಪು. ಹಾಳಾಗಿರುವುದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಗಾಜು ಮುಚ್ಚಿದ್ದರೆ ಅಪಾಯ ಕಡಿಮೆ. ಆ ಪುಡಿ ಉಸಿರು ಅಥವಾ ಬಾಯಿಯ ಮೂಲಕ ಒಳಗೆ ಹೋಗುವುದೇ ದೊಡ್ಡ ಅಪಾಯ. ಹಾಗಾಗಿ ಮನೆಯಲ್ಲಿ ಬಿಚ್ಚಬೇಡಿ, ಡಯಲ್ ಕೆರೆಯಬೇಡಿ, ಮಕ್ಕಳಿಗೆ ಆಡಲು ಕೊಡಬೇಡಿ. ಹೊಸ ಡಯಲ್ ಹಾಕಿಸಿದರೆ ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆಯೂ ಇಳಿಯುತ್ತದೆ.

ಕೊನೆಯ ಮಾತು: ಗ್ಲೈಟ್ಸ್ ರೋಲೆಕ್ಸ್ ಇಲ್ಲದೆ ಕಡಲ್ಗಾಲುವೆ ದಾಟಿದರು, ರೋಲೆಕ್ಸ್ ಇದ್ದ ದಿನ ದಾಟಲಾಗಲಿಲ್ಲ. ಆ ಸಂದೇಶ ಮತ್ತೆ ಬಂದರೆ ಇದನ್ನೂ ಜೊತೆಗೆ ಕಳಿಸಿ. ವಿಲ್ಸ್‌ಡಾರ್ಫ್ ತಮ್ಮ ವಾಚನ್ನು ಪರೀಕ್ಷೆಗೆ ಕಳಿಸಿದ ಹಾಗೆ, ನಮಗೆ ಬಂದ ಸಂದೇಶವನ್ನೂ ನಾವು ಒಮ್ಮೆ ಪರೀಕ್ಷಿಸಿಯೇ ಮುಂದಕ್ಕೆ ಕಳಿಸೋಣ.