ಹೆಸರಿಲ್ಲದ ಜ್ವರ

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬ. ಅವರ ಪವಾಡಗಳನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ಪರದೇಶದಲ್ಲಿ ಅವರೂ ಕಾಯಿಲೆ ಬಿದ್ದು ನರಳಿದ್ದನ್ನು ಕೇಳಿದವರು ಕಡಿಮೆ.

ಸ್ಪೇನಿನ ನವಾರ್ರಾದಲ್ಲಿ 1506ರಲ್ಲಿ ಹುಟ್ಟಿದ ಅವರು ತಮ್ಮ 35ನೇ ಹುಟ್ಟುಹಬ್ಬದಂದೇ, 1541ರ ಏಪ್ರಿಲ್ 7ರಂದು, ಲಿಸ್ಬನ್‌ನಲ್ಲಿ ಹಡಗು ಹತ್ತಿದರು. ಸುಮಾರು ಎರಡು ತಿಂಗಳು ಹೊಟ್ಟೆ ತೊಳಸಿ ಒದ್ದಾಡಿದರು. ಹಾಗಿದ್ದೂ ಹಡಗಿನ ರೋಗಿಗಳ ಬಟ್ಟೆ ಒಗೆದರು, ಅವರಿಗೆ ಅಡುಗೆ ಮಾಡಿ ಉಣಿಸಿದರು. ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ತಂಗಬೇಕಾಯಿತು. ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರಿಗೇ ಜ್ವರ ತಗುಲಿ ಬಡಬಡಿಸತೊಡಗಿದರು. ವೈದ್ಯರು ರಕ್ತ ತೆಗೆದರು. ಆಗಿನ ಔಷಧವೆಂದರೆ ಅದೇ! ಇಂದಾದರೆ ಒಂದು ಹನಿ ರಕ್ತ ಪರೀಕ್ಷಿಸಿ ಮಲೇರಿಯಾ ಹೌದೋ ಅಲ್ಲವೋ ಹೇಳುತ್ತಾರೆ. ಆ ರೋಗಾಣು ಪತ್ತೆಯಾದದ್ದು 1880ರಲ್ಲಿ.

1542ರ ಮೇ 6ರಂದು ಗೋವಾ ತಲುಪಿದ ಗುರುಗಳು ಉಳಿದುಕೊಂಡದ್ದೂ ಆಸ್ಪತ್ರೆಯಲ್ಲೇ. ಮುಂದಿನ ಹತ್ತು ವರ್ಷ ಮುತ್ತಿನ ಕರಾವಳಿ, ಮಲಾಕ್ಕಾ, ಮೊಲುಕ್ಕಾ ದ್ವೀಪಗಳು, ಜಪಾನ್ ಎಂದು ಸುತ್ತಿದರು. ತಲೆಗೂದಲು ನರೆಯಿತು.

1552ರಲ್ಲಿ ಚೀನಾಕ್ಕೆ ಹೊರಟು ಸಾನ್ಸಿಯಾನ್ ದ್ವೀಪಕ್ಕೆ ಬಂದರು. ವಿದೇಶಿಯರಿಗೆ ಚೀನಾದೊಳಗೆ ಪ್ರವೇಶವಿರಲಿಲ್ಲ. ಮೆಣಸಿನ ಬಾಡಿಗೆಗೆ ಗುಟ್ಟಾಗಿ ದಾಟಿಸುತ್ತೇನೆಂದ ಚೀನೀ ವ್ಯಾಪಾರಿ ಹೇಳಿದ ದಿನ ಬರಲೇ ಇಲ್ಲ. ನವೆಂಬರ್ 21ರಂದು ಜ್ವರ ಹಿಡಿಯಿತು. ಹಡಗಿಗೆ ಒಯ್ದರೆ ಅಲೆಯ ಓಲಾಟ ತಡೆಯಲಾಗದೆ ಮರುದಿನವೇ ದಡಕ್ಕೆ ಮರಳಿದರು. ಗುಡಿಸಲಲ್ಲಿ ಮತ್ತೆ ರಕ್ತ ತೆಗೆದರು, ಮೂರ್ಛೆ ಹೋದರು. ವಾಕರಿಕೆಯಿಂದ ಅನ್ನ ಗಂಟಲಿಗಿಳಿಯಲಿಲ್ಲ. ನಡುವೆ ಮಾತೂ ನಿಂತಿತು.

ಬಳಿಯಲ್ಲಿ ಕುಳಿತು ಆರೈಕೆ ಮಾಡಿದವನು ಅಂತೋನಿಯೋ ಎಂಬ ಚೀನೀ ಯುವಕ. ಗೋವಾದ ಕಾಲೇಜಿನಲ್ಲಿ ವರ್ಷಗಟ್ಟಲೆ ಓದಿ ತನ್ನ ತಾಯ್ನುಡಿಯನ್ನೇ ಬಹುಪಾಲು ಮರೆತವನು. ಜ್ವರದ ಮಂಪರಿನಲ್ಲಿ ಗುರುಗಳು ಅವನಿಗೆ ಅರ್ಥವಾಗದ ಭಾಷೆಯೊಂದರಲ್ಲೂ ಮಾತಾಡಿದರು. ಅದು ಅವರ ಮನೆಮಾತು ಬಾಸ್ಕ್ ಇರಬೇಕೆಂದು ಹಲವರ ಊಹೆ. ನನಗೂ ಹಾಗೇ ಅನಿಸುತ್ತದೆ. ನಾಲ್ಕಾರು ಭಾಷೆಗಳ ನಡುವೆ ಬಾಳುವ ನಮ್ಮ ಮನೆಗಳಲ್ಲೂ ಜ್ವರ ಬಂದ ಅಜ್ಜ ಅಜ್ಜಿ ಕನವರಿಸುವುದು ಹುಟ್ಟೂರಿನ ಮಾತಲ್ಲೇ ಅಲ್ಲವೇ?

ಅಂತೋನಿಯೋಗೆ ಮಾತು ತಿಳಿಯಲಿಲ್ಲ, ರೋಗವೂ ತಿಳಿಯಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಡಿಸೆಂಬರ್ 3ರ ನಸುಕಿನಲ್ಲಿ ಉಸಿರು ಕ್ಷೀಣಿಸಿದಾಗ ಹೊತ್ತಿಸಿದ ಮೇಣದಬತ್ತಿಯನ್ನು ಗುರುಗಳ ಕೈಗಿಟ್ಟ. ಅವರಿಗಾಗ 46 ವರ್ಷ.

ಪೆಟ್ಟಿಗೆಗೆ ಸುಣ್ಣ ತುಂಬಿ ಹೂಳುವಾಗ ಇದ್ದವರು ನಾಲ್ವರು. ಆ ಶರೀರವೇ ಮಲಾಕ್ಕಾ ಮಾರ್ಗವಾಗಿ 1554ರಲ್ಲಿ ಗೋವಾ ಸೇರಿತು. ಆ ಗುಡಿಸಲಿನ ದಿನಗಳ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಅಂತೋನಿಯೋ ಮುಂದೆ ಬರೆದು ತಿಳಿಸಿದ್ದೇ.